ನೀಲವಲ್ಲದ ನೀಲಿ ಹರಳು: ಬೆನಿಟೋಯೈಟ್ ಏಕಿಷ್ಟು ಅಪರೂಪ?

ನೀಲಿ ಹರಳು ಎಂದೊಡನೆ ನಮ್ಮವರಿಗೆ ನೆನಪಾಗುವುದು ನೀಲ. ನವರತ್ನದ ಉಂಗುರದಲ್ಲಿ ಶನಿಯ ಪಾಲಿಗೆ ಬಂದ ಕಲ್ಲು. ಒಗ್ಗುತ್ತದೋ ಇಲ್ಲವೋ ಎಂದು ಕೆಲವರು ದಿಂಬಿನ ಕೆಳಗಿಟ್ಟು ಮಲಗಿ ನೋಡುವ ಕಲ್ಲು. ಬಿಡಿ ಹರಳುಗಳನ್ನು ಮಾರುವ ಆನ್‌ಲೈನ್ ಅಂಗಡಿಗಳು ಹೆಚ್ಚಾದ ಮೇಲೆ ಅದರ ಪಕ್ಕದಲ್ಲಿ ಇನ್ನೊಂದು ಹೆಸರೂ ಕಣ್ಣಿಗೆ ಬೀಳತೊಡಗಿದೆ: ಬೆನಿಟೋಯೈಟ್. ನೋಡಲು ಒಳ್ಳೆಯ ನೀಲದಂತೆಯೇ ಇರುತ್ತದೆ. ಅರ್ಧ ಕ್ಯಾರೆಟ್ಟಿನ ಕಲ್ಲಿಗೂ ಹುಬ್ಬೇರಿಸುವ ಬೆಲೆ ಬರೆದಿರುತ್ತಾರೆ. ಆದರೆ ಊರಿನ ಚಿನಿವಾರರನ್ನು ಕೇಳಿದರೆ ಹೆಸರನ್ನೇ ಕೇಳಿಲ್ಲ ಎನ್ನುತ್ತಾರೆ.

ಹಾಗೆನ್ನುವುದರಲ್ಲಿ ಅವರ ತಪ್ಪೇನೂ ಇಲ್ಲ. ಆಭರಣಕ್ಕೆ ಒದಗುವ ಗುಣಮಟ್ಟದ ಬೆನಿಟೋಯೈಟ್ ವ್ಯಾಪಾರಕ್ಕೆ ಸಾಲುವಷ್ಟು ಸಿಕ್ಕಿರುವುದು ಇಡೀ ಜಗತ್ತಿನಲ್ಲಿ ಒಂದೇ ಗುಡ್ಡದಲ್ಲಿ. ಆ ಗುಡ್ಡ ಇರುವುದು ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಬೆನಿಟೋ ಕೌಂಟಿಯಲ್ಲಿ, ಅಂದರೆ ಸಾಫ್ಟ್‌ವೇರ್ ಕಂಪನಿಗಳ ಸ್ಯಾಂಟಾ ಕ್ಲಾರಾ ಕೌಂಟಿಗೆ ಅಂಟಿಕೊಂಡ ನೆರೆಯ ಜಿಲ್ಲೆಯಲ್ಲಿ. ಸ್ಯಾನ್ ಹೋಸೆಯ ಸುತ್ತಮುತ್ತ ನೆಲೆಸಿರುವ ಕನ್ನಡಿಗರ ಮಟ್ಟಿಗೆ ಇದು ಪಕ್ಕದ ಜಿಲ್ಲೆಯ ಕಲ್ಲು.

## ಮೊದಲು ಕೆಲವು ಮಾತುಗಳ ಅರ್ಥ

ಖನಿಜ ಎಂದರೆ ಪ್ರಕೃತಿಯಲ್ಲಿ ತಾನಾಗಿ ಉಂಟಾದ, ನಿರ್ದಿಷ್ಟ ರಾಸಾಯನಿಕ ರಚನೆಯುಳ್ಳ ಘನವಸ್ತು. ಅದರ ಕಣಗಳು ಕ್ರಮವಾಗಿ ಜೋಡಣೆಗೊಂಡು ಸಮತಟ್ಟಾದ ಮುಖಗಳೊಂದಿಗೆ ಬೆಳೆದರೆ ಸ್ಫಟಿಕ. ಅಂಥ ಸ್ಫಟಿಕ ಪಾರದರ್ಶಕವಾಗಿದ್ದು, ಬಣ್ಣ ಚೆನ್ನಾಗಿದ್ದು, ಸಾಣೆ ಹಿಡಿಸಿಕೊಳ್ಳುವಷ್ಟು ಗಟ್ಟಿಯಾಗಿದ್ದರೆ ಅದನ್ನು ರತ್ನ ಅಥವಾ ಹರಳು ಎನ್ನುತ್ತೇವೆ. ಭೂಮಿಯಲ್ಲಿ ಸಾವಿರಾರು ಬಗೆಯ ಖನಿಜಗಳಿದ್ದರೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವವು ತೀರಾ ಕಡಿಮೆ.

ಹರಳುಗಳ ತೂಕವನ್ನು ಅಳೆಯುವ ಕ್ಯಾರೆಟ್ ಎಂದರೆ 0.2 ಗ್ರಾಂ. ಚಿನ್ನದ ಶುದ್ಧತೆಗೆ ಹೇಳುವ ಕ್ಯಾರೆಟ್‌ಗೂ ಇದಕ್ಕೂ ಸಂಬಂಧವಿಲ್ಲ.

ಇನ್ನು 'ಸಂಗ್ರಹಕಾರರ ಹರಳು'. ಆಭರಣದ ಅಂಗಡಿಯ ಹರಳಿಗೆ ಒಂದು ಶಿಸ್ತು ಬೇಕು: ಒಂದೇ ಬಣ್ಣದ, ಒಂದೇ ಅಳತೆಯ ಕಲ್ಲುಗಳು ವರ್ಷವಿಡೀ ಬರುತ್ತಿರಬೇಕು, ದಿನನಿತ್ಯ ತೊಟ್ಟರೆ ಮಾಸಬಾರದು. ಈ ಶಿಸ್ತಿಗೆ ಒಗ್ಗದ, ಆದರೆ ಚೆಲುವಿನಲ್ಲಿ ಯಾವುದಕ್ಕೂ ಕಡಿಮೆಯಿಲ್ಲದ ಕಲ್ಲುಗಳಿವೆ. ಅವುಗಳನ್ನು ಕೊಳ್ಳುವವರು ಬೆರಳಿಗೆ ತೊಡುವುದು ಕಡಿಮೆ. ಪುಟ್ಟ ಡಬ್ಬಿಯಲ್ಲಿಟ್ಟು, ಆಗಾಗ ಬೆಳಕಿಗೆ ಹಿಡಿದು ನೋಡಿ ಸಂತೋಷಪಡುತ್ತಾರೆ. ಜರ್ಮನಿಯ ಐಫೆಲ್ ಪ್ರದೇಶದ ಹೌಯಿನ್, ನಮೀಬಿಯಾದ ಜೆರೆಮಿಯೆವೈಟ್ ಇಂಥವೇ ನೀಲಿ ಹರಳುಗಳು. ಈ ಸಾಲಿನಲ್ಲಿ ಬೆನಿಟೋಯೈಟ್‌ಗೆ ಮೊದಲ ಮಣೆ.

## 1907: ನೀಲವೆಂದು ಸಾಣೆ ಹಿಡಿದರು

ಸ್ಯಾನ್‌ಫ್ರಾನ್ಸಿಸ್ಕೋ ನಗರ ಭೂಕಂಪಕ್ಕೂ ಬೆಂಕಿಗೂ ತುತ್ತಾದದ್ದು 1906ರಲ್ಲಿ. ಅದರ ಮರುವರ್ಷ, ದಕ್ಷಿಣದ ಡಯಾಬ್ಲೋ ಬೆಟ್ಟಸಾಲಿನಲ್ಲಿ, ಸ್ಯಾನ್ ಬೆನಿಟೋ ನದಿ ಹುಟ್ಟುವ ಎಡೆಯಲ್ಲಿ ಅದಿರು ಹುಡುಕುತ್ತ ಅಲೆಯುತ್ತಿದ್ದ ಜೇಮ್ಸ್ ಕೌಚ್ ಎಂಬಾತನ ಕಣ್ಣಿಗೆ ಬಿಳಿ ಶಿಲೆಯಲ್ಲಿ ಹುದುಗಿದ್ದ ನೀಲಿ ಸ್ಫಟಿಕಗಳು ಬಿದ್ದವು. ಮೊದಲು ಕಂಡವರು ಯಾರು ಎಂಬುದರ ಬಗ್ಗೆ ಆಗಲೇ ಜಗಳವಿತ್ತು. ಜತೆಗಿದ್ದವರೂ ಹಕ್ಕು ಹೇಳಿದ್ದರು. ಬೆಲೆಬಾಳುವ ವಸ್ತು ಸಿಕ್ಕಿದಾಗ ಇಂಥ ವ್ಯಾಜ್ಯ ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಇದ್ದದ್ದೇ.

ಅದು ಏನೆಂದು ಯಾರಿಗೂ ಗೊತ್ತಾಗಲಿಲ್ಲ. ಜ್ವಾಲಾಮುಖಿಯ ಗಾಜು ಎಂದವರೊಬ್ಬರು, ನೀಲ ಎಂದವರು ಇನ್ನೊಬ್ಬರು. ನೀಲವೆಂದೇ ನಂಬಿ ಕೆಲವನ್ನು ಸಾಣೆ ಹಿಡಿದದ್ದೂ ಆಯಿತು. ಕೊನೆಗೆ ಸ್ಯಾನ್‌ಫ್ರಾನ್ಸಿಸ್ಕೋದ ಆಭರಣ ವ್ಯಾಪಾರಿಯೊಬ್ಬರಿಗೆ ಅನುಮಾನ ಬಂದು, ಕಲ್ಲು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೂವಿಜ್ಞಾನಿ ಜಾರ್ಜ್ ಲೌಡರ್‌ಬ್ಯಾಕ್ ಅವರ ಮೇಜಿಗೆ ಬಂತು. ಅವರು ಪರೀಕ್ಷಿಸಿದರು, ಸಹೋದ್ಯೋಗಿ ವಾಲ್ಟರ್ ಬ್ಲಾಸ್‌ಡೇಲ್ ರಾಸಾಯನಿಕ ವಿಶ್ಲೇಷಣೆ ಮಾಡಿದರು. ಬೇರಿಯಂ, ಟೈಟಾನಿಯಂ, ಸಿಲಿಕಾನ್, ಆಮ್ಲಜನಕ ಸೇರಿ ಆದ ಈ ವಸ್ತು ಅದುವರೆಗಿನ ಯಾವ ಖನಿಜ ಪಟ್ಟಿಯಲ್ಲೂ ಇರಲಿಲ್ಲ. ಸಿಕ್ಕ ಜಾಗದ ಮೇಲೆ ಬೆನಿಟೋಯೈಟ್ ಎಂದು ಹೆಸರಿಟ್ಟು ಅದೇ ವರ್ಷ ಪ್ರಕಟಿಸಿದರು. ಅದರ ಜತೆಗೇ ಸಿಕ್ಕಿದ್ದ ಕಪ್ಪು ಸ್ಫಟಿಕಕ್ಕೂ ಹೊಸದೆಂದು ಭಾವಿಸಿ ಕಾರ್ಲೋಸೈಟ್ ಎಂಬ ಹೆಸರು ಕೊಟ್ಟರು. ಆಮೇಲೆ ನೋಡಿದರೆ ಅದು ಆಗಲೇ ಗೊತ್ತಿದ್ದ ನೆಪ್ಚೂನೈಟ್. ಆ ಹೆಸರು ಬಿದ್ದುಹೋಯಿತು.

ಗಣಿಗೆ ಹಣ ಹೂಡಿದ್ದ ಡಲ್ಲಾಸ್ ಎಂಬುವರ ಹೆಸರಿನ ಕಂಪನಿ ಸುಮಾರು 1912ರವರೆಗೆ ಕೆಲಸ ನಡೆಸಿತು. ಆರಂಭದಲ್ಲಿ ಸುತ್ತಿಗೆ, ಉಳಿಗಳಿಂದ ಕಲ್ಲು ಒಡೆದು ಹರಳು ಬಿಡಿಸುತ್ತಿದ್ದರು, ಹೀಗಾಗಿ ಎಷ್ಟೋ ಒಳ್ಳೆಯ ಸ್ಫಟಿಕಗಳು ಚೂರಾದವು. ಹರಳನ್ನು ಮುಚ್ಚಿರುವ ಬಿಳಿ ಶಿಲೆ ನ್ಯಾಟ್ರೋಲೈಟ್. ಅದು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗುತ್ತದೆ, ಬೆನಿಟೋಯೈಟ್ ಕರಗುವುದಿಲ್ಲ. ಇದು ತಿಳಿದ ಮೇಲೆ ಉಳಿಯ ಕೆಲಸವನ್ನು ಆಮ್ಲಕ್ಕೆ ಒಪ್ಪಿಸಿದರು. ಇಂದು ವಸ್ತುಸಂಗ್ರಹಾಲಯಗಳಲ್ಲಿ ಕಾಣುವ ಮಾದರಿಗಳು ಹಾಗೆ ಅರ್ಧ ಕರಗಿಸಿ ತೆಗೆದವು. ಸುಣ್ಣದಂತೆ ಬೆಳ್ಳಗಿನ ನ್ಯಾಟ್ರೋಲೈಟ್ ಹಾಸಿನ ಮೇಲೆ ಮೂರು ಮೂಲೆಯ ನೀಲಿ ಹರಳುಗಳು, ನಡುನಡುವೆ ಕಡ್ಡಿಯಂತೆ ಎದ್ದು ನಿಂತ ಕಪ್ಪು ನೆಪ್ಚೂನೈಟ್. ಆ ಕಪ್ಪಿನ ತೆಳುವಾದ ಅಂಚನ್ನು ಬಲವಾದ ಬೆಳಕಿಗೆ ಹಿಡಿದರೆ ಒಳಗಿಂದ ಕಡುಗೆಂಪು ಇಣುಕುತ್ತದೆ.

ಕ್ಯಾಲಿಫೋರ್ನಿಯಾ ರಾಜ್ಯ 1985ರಲ್ಲಿ ಇದನ್ನು ತನ್ನ ಅಧಿಕೃತ ರಾಜ್ಯ ರತ್ನವೆಂದು ಘೋಷಿಸಿತು.

## ಧಾತುಗಳು ಸಾಮಾನ್ಯ, ಕೂಡುವಿಕೆ ಅಪರೂಪ

ಬೆನಿಟೋಯೈಟ್‌ನಲ್ಲಿರುವ ಧಾತುಗಳಲ್ಲಿ ಯಾವುದೂ ಅಪರೂಪದ್ದಲ್ಲ. ಬೇರಿಯಂ ಬೇಕೆಂದರೆ ಪಕ್ಕದ ಆಂಧ್ರದ ಮಂಗಂಪೇಟೆಯಲ್ಲಿ ಬೆರೈಟ್ ಅದಿರಿನ ದೊಡ್ಡ ನಿಕ್ಷೇಪವೇ ಇದೆ. ಟೈಟಾನಿಯಂ ಕೇರಳದ ಕಡಲ ತೀರದ ಕಪ್ಪು ಮರಳಿನಲ್ಲಿದೆ; ಗೋಡೆಗೆ ಬಳಿಯುವ ಬಿಳಿ ಬಣ್ಣದಲ್ಲಿ ಅದರ ಆಕ್ಸೈಡ್ ಇರುತ್ತದೆ. ಸಿಲಿಕಾನ್ ಮತ್ತು ಆಮ್ಲಜನಕವಂತೂ ಕಾಲ ಕೆಳಗಿನ ಮಣ್ಣಿನಲ್ಲೇ ಇವೆ.

ಹಾಗಿದ್ದರೆ ಬೆನಿಟೋಯೈಟ್ ಎಲ್ಲೆಡೆ ಏಕಿಲ್ಲ? ಏಕೆಂದರೆ ಈ ಧಾತುಗಳು ಸಾಮಾನ್ಯವಾಗಿ ಒಂದೆಡೆ ಸೇರುವುದಿಲ್ಲ. ಬೇರಿಯಂ ತನಗೆ ಒಗ್ಗುವ ಫೆಲ್ಡ್‌ಸ್ಪಾರ್ ಅಥವಾ ಬೆರೈಟ್‌ನಲ್ಲಿ ನೆಲೆಯಾಗುತ್ತದೆ. ಟೈಟಾನಿಯಂ ಇಲ್ಮೆನೈಟ್, ರೂಟೈಲ್, ಟೈಟನೈಟ್‌ಗಳಲ್ಲಿ ಸೇರಿಹೋಗುತ್ತದೆ. ಇವೆರಡನ್ನೂ ಆ ನೆಲೆಗಳಿಂದ ಬಿಡಿಸಿ, ಒಂದೇ ಬಿಸಿನೀರಿನಲ್ಲಿ ಕೂಡಿಸಿ, ಸಿಲಿಕಾದೊಂದಿಗೆ ಸ್ಫಟಿಕವಾಗಲು ಬಿಡುವಂಥ ಪರಿಸ್ಥಿತಿ ಭೂಮಿಯೊಳಗೆ ಹೆಚ್ಚಾಗಿ ಒದಗುವುದಿಲ್ಲ.

ಕ್ಯಾಲಿಫೋರ್ನಿಯಾದ ಆ ಬೆಟ್ಟದಲ್ಲಿ ಅದು ಒದಗಿತು. ಒಂದು ಕಾಲದಲ್ಲಿ ಅಲ್ಲಿ ಸಾಗರದ ತಳದ ಭೂಫಲಕ ಉತ್ತರ ಅಮೆರಿಕದ ಭೂಫಲಕದ ಅಡಿಗೆ ನುಸುಳುತ್ತಿತ್ತು. ಹೀಗೆ ಕೆಳಗೆ ಹೋದ ಶಿಲೆಯ ಮೇಲೆ ಒತ್ತಡ ಬೇಗ ಏರುತ್ತದೆ. ಬಿಸಿ ಮಾತ್ರ ಅಷ್ಟು ಬೇಗ ಏರುವುದಿಲ್ಲ. ಒತ್ತಡ ಹೆಚ್ಚು, ಬಿಸಿ ಕಡಿಮೆ ಎಂಬ ಈ ವಿಚಿತ್ರ ಸ್ಥಿತಿಯಲ್ಲಿ ನೀಲಿ ಛಾಯೆಯ ಒಂದು ಪದರಶಿಲೆ ಉಂಟಾಗುತ್ತದೆ. ಇದಕ್ಕೆ ಬ್ಲೂಶಿಸ್ಟ್ ಎನ್ನುತ್ತಾರೆ. ಅದರ ತುಂಡುಗಳು ಸರ್ಪೆಂಟಿನೈಟ್ ಎಂಬ ನುಣುಪಾದ ಹಸಿರು ಶಿಲೆಯೊಳಗೆ ಸಿಕ್ಕಿಕೊಂಡು, ಅದರೊಂದಿಗೇ ಮೇಲಕ್ಕೆ ಬಂದವು. ಬರುತ್ತ ಬಿರುಕು ಬಿಟ್ಟವು. ಆ ಬಿರುಕುಗಳಲ್ಲಿ ಬಿಸಿನೀರು ಹರಿದು, ಶಿಲೆಯ ಖನಿಜಗಳನ್ನು ಕರಗಿಸಿ, ಧಾತುಗಳನ್ನು ಕಲಸಿ, ಮತ್ತೆ ಹೊಸ ಖನಿಜಗಳಾಗಿ ಕೂರಿಸಿತು. ಮೊದಲು ಬೆನಿಟೋಯೈಟ್, ನೆಪ್ಚೂನೈಟ್‌ಗಳು ಬೆಳೆದವು. ಆಮೇಲೆ ನ್ಯಾಟ್ರೋಲೈಟ್ ತುಂಬಿಕೊಂಡು ಅವುಗಳನ್ನು ಮುಚ್ಚಿಬಿಟ್ಟಿತು. ಇದೆಲ್ಲ ನಡೆದದ್ದು ಸುಮಾರು 1.2 ಕೋಟಿ ವರ್ಷಗಳ ಹಿಂದೆ. ಭೂಮಿಯ ವಯಸ್ಸಿನ ಲೆಕ್ಕದಲ್ಲಿ ಇದು ತೀರಾ ಈಚಿನ ಸಂಗತಿ.

ಜಪಾನಿನ ನೀಗಾಟಾ ಪ್ರಾಂತ್ಯ, ಅಮೆರಿಕದ ಅರ್ಕಾನ್ಸಾ ಮುಂತಾದ ಕೆಲವೆಡೆಯೂ ಬೆನಿಟೋಯೈಟ್ ಸಿಕ್ಕಿದೆ. ಅಲ್ಲಿನ ಕಣಗಳು ಖನಿಜ ವಿಜ್ಞಾನಿಗಳಿಗೆ ಖುಷಿ ಕೊಡುತ್ತವೆ. ಸಾಣೆ ಹಿಡಿಯುವವರಿಗೆ ಅವುಗಳಿಂದ ಉಪಯೋಗವಿಲ್ಲ.

## ಮೂರು ಮೂಲೆಯ ಸ್ಫಟಿಕ

ವಿಜ್ಞಾನಿಗಳು ಈ ಕಲ್ಲಿನ ಬಗ್ಗೆ ಪುಳಕಗೊಂಡದ್ದಕ್ಕೆ ಬಣ್ಣಕ್ಕಿಂತ ಆಕಾರ ಕಾರಣ. ಚುಕ್ಕಿ ರಂಗೋಲಿ ಹಾಕುವವರಿಗೆ ಗೊತ್ತು: ಚುಕ್ಕಿಗಳನ್ನು ಹೇಗೆ ಇಟ್ಟಿದ್ದೀರಿ ಎಂಬುದರ ಮೇಲೆ ಯಾವ ಚಿತ್ರ ಮೂಡಬಹುದು, ಯಾವುದು ಮೂಡಲಾರದು ಎಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಸ್ಫಟಿಕದಲ್ಲಿ ಚುಕ್ಕಿಗಳ ಜಾಗದಲ್ಲಿ ಪರಮಾಣುಗಳಿರುತ್ತವೆ. ಅವುಗಳ ಜೋಡಣೆಗೆ ತಕ್ಕಂತೆ ಹೊರಗಿನ ಆಕಾರದ ಸಮರೂಪತೆ ಇರುತ್ತದೆ.

ಇಂಥ ಸಮರೂಪತೆಗಳು ಎಷ್ಟು ಬಗೆಯಲ್ಲಿ ಸಾಧ್ಯ ಎಂದು ಜರ್ಮನಿಯ ಯೋಹಾನ್ ಹೆಸೆಲ್ 1830ರಲ್ಲಿ ಕೇವಲ ಗಣಿತದ ಬಲದಿಂದ ಲೆಕ್ಕ ಹಾಕಿದ್ದರು. ಬಂದ ಉತ್ತರ 32. ಒಂದೊಂದು ವರ್ಗಕ್ಕೂ ಖನಿಜಗಳ ಉದಾಹರಣೆ ಹುಡುಕುತ್ತ ಹೋದಾಗ, ತ್ರಿಕೋನ ಬುಡದ ಎರಡು ಗೋಪುರಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದಂಥ ಒಂದು ವರ್ಗಕ್ಕೆ ಪ್ರಕೃತಿಯಲ್ಲಿ ಸಾಕ್ಷಿ ಸಿಕ್ಕಿರಲಿಲ್ಲ. ಮುಕ್ಕಾಲು ಶತಮಾನ ಕಳೆದ ಮೇಲೆ ಲೌಡರ್‌ಬ್ಯಾಕ್ ಅವರ ಮೇಜಿನ ಮೇಲಿದ್ದ ನೀಲಿ ಕಲ್ಲು ಆ ಖಾಲಿ ಜಾಗವನ್ನು ತುಂಬಿತು. ಲೆಕ್ಕ ಮೊದಲು ಬಂದು, ಕಲ್ಲು ಆಮೇಲೆ ಬಂದ ಪ್ರಸಂಗ ಇದು.

ಒಳಗಿನ ಜೋಡಣೆಯನ್ನು ಕ್ಷ-ಕಿರಣಗಳಿಂದ ಬಿಡಿಸಿ ತೋರಿಸಿದವರು ವಿಲಿಯಂ ಜಕಾರಿಯಾಸೆನ್, 1930ರಲ್ಲಿ. ಒಂದು ಸಿಲಿಕಾನ್ ಪರಮಾಣುವಿನ ಸುತ್ತ ನಾಲ್ಕು ಆಮ್ಲಜನಕ ಪರಮಾಣುಗಳು ಕೂಡಿ ಒಂದು ಘಟಕ. ಅಂಥ ಮೂರು ಘಟಕಗಳು ಕೈಹಿಡಿದು ಒಂದು ಉಂಗುರ. ಈ ಮೂರರ ಉಂಗುರಗಳನ್ನು ಬೇರಿಯಂ ಮತ್ತು ಟೈಟಾನಿಯಂ ಒಂದಕ್ಕೊಂದು ಜೋಡಿಸುತ್ತವೆ. ಬರಿಗಣ್ಣಿಗೆ ಕಾಣುವ ಸ್ಫಟಿಕಕ್ಕೂ ಮೂರು ಮೂಲೆ ಏಕಿದೆ ಎಂಬುದು ಇದರಿಂದ ತಿಳಿಯುತ್ತದೆ.

## ಒಂದೇ ಕಲ್ಲು: ಇತ್ತ ನೀಲಿ, ಅತ್ತ ಬಣ್ಣವಿಲ್ಲ

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಈ ಹರಳಿನ ಎಲ್ಲ ಮಾಯೆಯೂ ಬೆಳಕಿನಲ್ಲಿದೆ.

ಬೆನಿಟೋಯೈಟ್ ಸ್ಫಟಿಕವನ್ನು ಪಕ್ಕದಿಂದ ನೋಡಿದರೆ ಗಾಢವಾದ ನೀಲಿ. ಅದೇ ಸ್ಫಟಿಕವನ್ನು ತಿರುಗಿಸಿ ಅದರ ಮುಖ್ಯ ಅಕ್ಷದ ನೇರಕ್ಕೆ, ಅಂದರೆ ತ್ರಿಕೋನ ಪೂರ್ತಿ ಕಾಣುವಂತೆ ನೋಡಿದರೆ ಬಣ್ಣ ಸೋರಿಹೋದಂತೆ ತಿಳಿಯಾಗುತ್ತದೆ. ಸ್ಫಟಿಕದೊಳಗೆ ಹೊಕ್ಕ ಬೆಳಕು ಎರಡು ಕಿರಣಗಳಾಗಿ ಒಡೆಯುತ್ತದೆ. ಒಂದು ಬಣ್ಣವಿಲ್ಲದೆ ಹೊರಬರುತ್ತದೆ, ಇನ್ನೊಂದು ನೀಲಿಯಾಗಿ ಬರುತ್ತದೆ. ಅಕ್ಷದ ನೇರಕ್ಕೆ ನೋಡುವವರಿಗೆ ಬಣ್ಣವಿಲ್ಲದ ಕಿರಣವಷ್ಟೇ ಕಾಣುತ್ತದೆ. ಈ ಗುಣಕ್ಕೆ ದ್ವಿವರ್ಣತೆ ಎನ್ನುತ್ತಾರೆ. ನೀಲದಲ್ಲೂ ದ್ವಿವರ್ಣತೆ ಇದೆ, ಆದರೆ ಅಲ್ಲಿ ಒಂದು ನೀಲಿಯಿಂದ ಇನ್ನೊಂದು ನೀಲಿಗೆ ಅಥವಾ ಹಸಿರು ಮಿಶ್ರಿತ ನೀಲಿಗೆ ಬದಲಾಗುತ್ತದೆ. ಪೂರ್ತಿ ಬಣ್ಣ ಕಳೆದುಕೊಳ್ಳುವ ಈ ಧೈರ್ಯ ಬೆನಿಟೋಯೈಟ್‌ನದು.

ಸಾಣೆ ಹಿಡಿಯುವವರಿಗೆ ಇದು ದೊಡ್ಡ ಪೇಚು. ಸ್ಫಟಿಕಗಳು ಹೆಚ್ಚಾಗಿ ಚಪ್ಪಟೆ. ಅಗಲವಾದ ಮುಖವನ್ನೇ ಮೇಲಿಟ್ಟು ಕತ್ತರಿಸಿದರೆ ತೂಕ ಉಳಿಯುತ್ತದೆ, ಹರಳು ದೊಡ್ಡದಾಗುತ್ತದೆ, ಆದರೆ ಬಣ್ಣ ಪೇಲವ. ಬಣ್ಣ ಬೇಕೆಂದು ಪಕ್ಕದ ದಿಕ್ಕಿಗೆ ತಿರುಗಿಸಿ ಕತ್ತರಿಸಿದರೆ ಗಾಢ ನೀಲಿ ಬರುತ್ತದೆ, ಕಲ್ಲಿನ ಬಹುಪಾಲು ಪುಡಿಯಾಗಿ ಹೋಗುತ್ತದೆ. ಮೊದಲೇ ಚಿಕ್ಕದಾದ ಸ್ಫಟಿಕ ಇನ್ನೂ ಚಿಕ್ಕದಾಗುತ್ತದೆ. ಮಾರುಕಟ್ಟೆಯಲ್ಲಿ ಗಾಢ ಬಣ್ಣದ ದೊಡ್ಡ ಬೆನಿಟೋಯೈಟ್ ಕಾಣಸಿಗದಿರುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು ಕಾಂತಿ. ವಜ್ರವನ್ನು ಅಲುಗಾಡಿಸಿದಾಗ ಕೆಂಪು, ಹಳದಿ, ಹಸಿರು ಕಿಡಿಗಳು ಹಾರುತ್ತವಲ್ಲ, ಬಿಳಿ ಬೆಳಕನ್ನು ಬಣ್ಣಗಳಾಗಿ ಹರಡುವ ಗುಣದಿಂದ ಅದು ಬರುತ್ತದೆ. ಅದನ್ನು ಅಳೆಯುವ ಅಂಕಿ ವಜ್ರಕ್ಕೆ 0.044. ಬೆನಿಟೋಯೈಟ್‌ಗೂ ಹೆಚ್ಚುಕಡಿಮೆ ಅಷ್ಟೇ, ನೀಲಕ್ಕೆ 0.018. ಆದರೂ ಗಾಢ ನೀಲಿ ಬೆನಿಟೋಯೈಟ್‌ನಲ್ಲಿ ಕಿಡಿಗಳು ಅಷ್ಟಾಗಿ ಕಾಣುವುದಿಲ್ಲ. ಕಲ್ಲಿನ ಸ್ವಂತ ಬಣ್ಣ ಅವುಗಳನ್ನು ಮರೆಮಾಡುತ್ತದೆ. ತಿಳಿ ನೀಲಿ ಅಥವಾ ಬಣ್ಣವಿಲ್ಲದ ಕಲ್ಲಿನಲ್ಲಿ ಅವು ಚೆನ್ನಾಗಿ ಕಾಣುತ್ತವೆ. ಬಣ್ಣ ಬೇಕೋ ಮಿಂಚು ಬೇಕೋ ಎಂಬುದು ಕೊಳ್ಳುವವರ ರುಚಿಗೆ ಬಿಟ್ಟದ್ದು. ಎರಡೂ ಹದವಾಗಿ ಕೂಡಿದ ನಡುಬಣ್ಣದ ಕಲ್ಲೇ ನನ್ನ ಕಣ್ಣಿಗೆ ಹಿತ.

ಮೂರನೆಯದು ಕತ್ತಲೆ ಕೋಣೆಯ ಚಮತ್ಕಾರ. ಕಡಿಮೆ ತರಂಗಾಂತರದ ಅತಿನೇರಳೆ ದೀಪ ಹಾಕಿದರೆ ಬೆನಿಟೋಯೈಟ್ ತಾನೇ ಹೊತ್ತಿಕೊಂಡಂತೆ ಪ್ರಖರವಾದ ನೀಲಿ ಬೆಳಕು ಬೀರುತ್ತದೆ. ಇದು ಪ್ರತಿದೀಪ್ತಿ. ಕಣ್ಣಿಗೆ ಕಾಣದ ಕಿರಣವನ್ನು ಹೀರಿಕೊಂಡು ಕಾಣುವ ಬೆಳಕಾಗಿ ಹಿಂದಿರುಗಿಸುವ ಈ ಕೆಲಸ ಅದರೊಳಗಿನ ಟೈಟಾನಿಯಂ ಗುಂಪುಗಳದ್ದು. ಮಣ್ಣಿನ ರಾಶಿಯಲ್ಲಿ ಹರಳು ಹುಡುಕುವವರು ಇದೇ ದೀಪವನ್ನು ಹಿಡಿದು ಹುಡುಕುತ್ತಾರೆ. ಸಾಸಿವೆಯಷ್ಟು ಚೂರೂ ತಪ್ಪಿಸಿಕೊಳ್ಳಲಾರದು. ಪ್ರಯೋಗಾಲಯಗಳಲ್ಲಿ ಎಲೆಕ್ಟ್ರಾನ್ ಕಿರಣವನ್ನು ಸರಿಯಾದ ಬಿಂದುವಿಗೆ ಹೊಂದಿಸುವಾಗಲೂ ಬೆನಿಟೋಯೈಟ್ ಚೂರನ್ನು ಗುರಿಯಾಗಿ ಇಡುವುದುಂಟು. ಕಿರಣ ಬಿದ್ದ ಜಾಗ ಬೆಳಗುವುದರಿಂದ ಅದರ ಆಕಾರ, ಗಾತ್ರ ಕಣ್ಣಿಗೆ ಕಾಣುತ್ತದೆ.

## ಇಷ್ಟು ಚೆಲುವಿದ್ದೂ ಅಂಗಡಿಗೆ ಏಕೆ ಬರಲಿಲ್ಲ?

ಸಾಮಾನ್ಯವಾಗಿ ಹೇಳುವ ಕಾರಣ ಗಟ್ಟಿತನದ ಕೊರತೆ. ಗೀರುವಿಕೆಯನ್ನು ತಡೆಯುವ ಶಕ್ತಿಯನ್ನು ಮೋಸ್ ಎಂಬ ಮಾಪಕದಲ್ಲಿ 1ರಿಂದ 10ರವರೆಗೆ ಅಳೆಯುತ್ತಾರೆ. ಉಗುರಿಗೇ ಗೀರಾಗುವ ಟಾಲ್ಕ್‌ಗೆ 1, ವಜ್ರಕ್ಕೆ 10, ನೀಲ ಮತ್ತು ಮಾಣಿಕ್ಯಗಳಿಗೆ 9. ಬೆನಿಟೋಯೈಟ್‌ಗೆ 6ರಿಂದ 6.5. ಇಲ್ಲಿ ನೆನಪಿಡಬೇಕಾದ ಅಂಕಿ 7: ಅದು ಕ್ವಾರ್ಟ್ಸ್ ಎಂಬ ಬೆಣಚುಕಲ್ಲಿನದು. ಮನೆಯ ಧೂಳಿನಲ್ಲಿ ಬೆಣಚುಕಲ್ಲಿನ ಸೂಕ್ಷ್ಮ ಕಣಗಳು ಇದ್ದೇ ಇರುತ್ತವೆ. 7ಕ್ಕಿಂತ ಕೆಳಗಿನ ಹರಳನ್ನು ಉಂಗುರಕ್ಕೆ ಕೂರಿಸಿ ದಿನವೂ ತೊಟ್ಟು, ಸೀರೆಯ ಸೆರಗಿನಿಂದಲೋ ಕರವಸ್ತ್ರದಿಂದಲೋ ಧೂಳು ಒರೆಸುತ್ತಿದ್ದರೆ ಕೆಲವು ವರ್ಷಗಳಲ್ಲಿ ಅಂಚುಗಳು ಸವೆದು ಮಂಕಾಗುತ್ತದೆ.

ಆದರೆ ಈ ಕಾರಣ ಪೂರ್ತಿ ಸಾಲದು. ಟಾಂಜಾನೈಟ್ ಎಂಬ ಇನ್ನೊಂದು ನೀಲಿ ಹರಳಿದೆ. ಅದರ ಗಟ್ಟಿತನವೂ 6ರಿಂದ 7ರ ನಡುವೆ. ಅದೂ ಒಂದೇ ಜಾಗದ ಕಲ್ಲು: ಉತ್ತರ ತಾಂಜಾನಿಯಾದ ಮೆರೆಲಾನಿ ಗುಡ್ಡಗಳಲ್ಲಿ 1967ರಲ್ಲಿ ಸಿಕ್ಕಿತು. ನ್ಯೂಯಾರ್ಕಿನ ಟಿಫಾನಿ ಕಂಪನಿ ಮರುವರ್ಷವೇ ಅದಕ್ಕೆ ಆಕರ್ಷಕ ಹೆಸರಿಟ್ಟು ಪ್ರಚಾರ ಕೊಟ್ಟಿತು. ಇಂದು ಜೈಪುರದ ಕಾರ್ಖಾನೆಗಳಲ್ಲಿ ಅದನ್ನು ರಾಶಿರಾಶಿಯಾಗಿ ಸಾಣೆ ಹಿಡಿಯುತ್ತಾರೆ, ಬೆಂಗಳೂರಿನ ಆಭರಣದ ಅಂಗಡಿಗಳಲ್ಲೂ ನೋಡಬಹುದು. ಮೆದುವಾದರೂ, ಒಂದೇ ಊರಿನದಾದರೂ ಟಾಂಜಾನೈಟ್ ಗೆದ್ದದ್ದು ಅದು ಸಾಕಷ್ಟು ಸಿಕ್ಕಿದ್ದರಿಂದ. ಜಾಹೀರಾತು ನೀಡಿ ಗಿರಾಕಿಯನ್ನು ಕರೆದರೆ ಕೊಡಲು ಕಲ್ಲು ಇತ್ತು. ಬೆನಿಟೋಯೈಟ್ ವಿಷಯದಲ್ಲಿ ಕರೆದರೂ ಕೊಡಲು ಏನೂ ಇರಲಿಲ್ಲ. ಒಂದು ಜೊತೆ ಓಲೆಗೆ ಹೊಂದುವ ಎರಡು ಕಲ್ಲು ಹುಡುಕುವುದೇ ಕಷ್ಟ. ನೂರು ಅಂಗಡಿಗಳಿಗೆ ಒದಗಿಸುವ ಮಾತೆಲ್ಲಿ?

ಅಪರೂಪವಾಗಿದ್ದೂ ಹೆಸರು ಮಾಡಿದ ಕಲ್ಲುಗಳಿವೆಯಲ್ಲ ಎನ್ನಬಹುದು. ಕಾಶ್ಮೀರದ ನೀಲ ಹಾಗೆಯೇ. 1881ರ ಸುಮಾರಿಗೆ ಪಾಡರ್ ಪ್ರದೇಶದ ಎತ್ತರದ ಕಣಿವೆಯೊಂದರಲ್ಲಿ ಕಾಣಿಸಿಕೊಂಡ ಆ ನಿಕ್ಷೇಪದ ಸಮೃದ್ಧ ಭಾಗ ಕೆಲವೇ ವರ್ಷಗಳಲ್ಲಿ, 1887ರ ಹೊತ್ತಿಗೆ, ಬರಿದಾಯಿತು. ಇಂದಿಗೂ ಹರಾಜುಗಳಲ್ಲಿ ಅದಕ್ಕೆ ಅತಿ ಹೆಚ್ಚು ಬೆಲೆ. ಆದರೆ ಅದು ನೀಲ. ಸಾವಿರಾರು ವರ್ಷಗಳಿಂದ ರಾಜರೂ ಜ್ಯೋತಿಷಿಗಳೂ ಬೆಲೆ ಕಟ್ಟಿದ್ದ ಹೆಸರಿನ ನೆರಳು ಅದಕ್ಕೆ ಸಿಕ್ಕಿತು. 1907ರಲ್ಲಿ ಹುಟ್ಟಿದ ಹೆಸರಿಗೆ ಯಾವ ಶಾಸ್ತ್ರದ ಬೆಂಬಲವಿದ್ದೀತು? ಯಾರಾದರೂ ಬೆನಿಟೋಯೈಟನ್ನು 'ಶನಿಗೆ ನೀಲದ ಬದಲು ಹಾಕಿಕೊಳ್ಳಬಹುದು' ಎಂದು ಮಾರಲು ಬಂದರೆ ಅದು ಅವರ ವ್ಯಾಪಾರದ ಜಾಣ್ಮೆ ಎಂದು ತಿಳಿದರೆ ಸಾಕು. ನವರತ್ನಗಳ ಪಟ್ಟಿ ಮಾಡಿದವರ ಕಣ್ಣಿಗೆ ಈ ಕಲ್ಲು ಬಿದ್ದೇ ಇರಲಿಲ್ಲ.

## ಗಾತ್ರ, ಬೆಲೆ

ಸಾಣೆ ಹಿಡಿದ ಬೆನಿಟೋಯೈಟ್‌ಗಳಲ್ಲಿ ಹೆಚ್ಚಿನವು ಒಂದು ಕ್ಯಾರೆಟ್‌ಗಿಂತ ಕಡಿಮೆ. ಎರಡು ಕ್ಯಾರೆಟ್ ದಾಟಿದರೆ ವಿಶೇಷ. ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿ 7.66 ಕ್ಯಾರೆಟ್ಟಿನ ಒಂದು ಕಲ್ಲಿದೆ. ತೂಕ ಒಂದೂವರೆ ಗ್ರಾಂ ಅಷ್ಟೇ, ಆದರೆ ಈ ಜಾತಿಯಲ್ಲಿ ಅದು ದೈತ್ಯ.

ಬೆಲೆ ತೂಕದೊಂದಿಗೆ ನೇರವಾಗಿ ಏರುವುದಿಲ್ಲ, ನೆಗೆಯುತ್ತದೆ. ಕಾಲು ಕ್ಯಾರೆಟ್ಟಿನ ನಾಲ್ಕು ಕಲ್ಲುಗಳ ಬೆಲೆಗೂ ಒಂದು ಕ್ಯಾರೆಟ್ಟಿನ ಒಂದು ಕಲ್ಲಿನ ಬೆಲೆಗೂ ಹೋಲಿಕೆಯೇ ಇರುವುದಿಲ್ಲ. ಒಳ್ಳೆಯ ಬಣ್ಣದ, ಒಳಗೆ ಕಲೆಯಿಲ್ಲದ ಒಂದು ಕ್ಯಾರೆಟ್ ಮೀರಿದ ಹರಳಿಗೆ ಪ್ರತಿ ಕ್ಯಾರೆಟ್‌ಗೆ ಸಾವಿರಾರು ಡಾಲರ್ ಕೇಳುತ್ತಾರೆ. ನೀಲಿಯಲ್ಲದೆ ಬಣ್ಣವಿಲ್ಲದ್ದು, ಅಪರೂಪಕ್ಕೆ ನಸುಗೆಂಪು ಕೂಡ ಸಿಗುತ್ತವೆ. ಬಣ್ಣವಿಲ್ಲದ ಕೆಲವು ಕಲ್ಲುಗಳನ್ನು ಕಾಯಿಸಿದರೆ ಕಿತ್ತಳೆ ಬಣ್ಣ ಬರುತ್ತದೆ. ಆದ್ದರಿಂದ ಕಿತ್ತಳೆ ಬೆನಿಟೋಯೈಟ್ ಕಂಡರೆ ಕಾಯಿಸಿದ್ದೇ ಎಂದು ಕೇಳುವುದು ಒಳ್ಳೆಯದು. ನೀಲಿ ಕಲ್ಲುಗಳಿಗೆ ಸಾಮಾನ್ಯವಾಗಿ ಇಂಥ ಸಂಸ್ಕಾರ ಮಾಡುವುದಿಲ್ಲ.

## ಅಸಲಿಯೋ ಅಲ್ಲವೋ ತಿಳಿಯುವುದು ಹೇಗೆ?

ಹತ್ತು ಪಟ್ಟು ದೊಡ್ಡದಾಗಿ ತೋರುವ ಭೂತಗನ್ನಡಿ ಇದ್ದರೆ ಮೊದಲ ಪರೀಕ್ಷೆ ನೀವೇ ಮಾಡಬಹುದು. ಹರಳಿನ ಮೇಲ್ಮುಖದ ಮೂಲಕ ಒಳಗೆ ನೋಡುತ್ತ, ಹಿಂಬದಿಯ ಮುಖಗಳು ಒಂದಕ್ಕೊಂದು ಸೇರುವ ಅಂಚುಗಳ ಮೇಲೆ ದೃಷ್ಟಿ ಇಡಿ. ಬೆನಿಟೋಯೈಟ್ ಆದರೆ ಆ ಗೆರೆಗಳು ಜೋಡಿಜೋಡಿಯಾಗಿ ಕಾಣುತ್ತವೆ. ಬೆಳಕು ಎರಡಾಗಿ ಒಡೆಯುತ್ತದೆ ಎಂದೆವಲ್ಲ, ಅದರ ನೇರ ಪರಿಣಾಮ ಇದು. ಕಲ್ಲನ್ನು ನಿಧಾನವಾಗಿ ವಾಲಿಸಿ ಬೇರೆ ಬೇರೆ ಕೋನದಿಂದ ನೋಡಬೇಕು. ಅಕ್ಷದ ನೇರಕ್ಕೆ ಬಂದಾಗ ಜೋಡಿ ಗೆರೆ ಮಾಯವಾಗುತ್ತದೆ. ನೀಲದಲ್ಲಿ ಈ ಒಡಕು ತೀರಾ ಸಣ್ಣದು, ಸುಲಭವಾಗಿ ಕಾಣದು. ಗಾಜಿನಲ್ಲೂ ಸ್ಪಿನೆಲ್ ಎಂಬ ಹರಳಿನಲ್ಲೂ ಇಲ್ಲವೇ ಇಲ್ಲ.

ಕಲ್ಲಿನೊಳಗೆ ಹೊಕ್ಕ ಬೆಳಕು ಎಷ್ಟು ಬಾಗುತ್ತದೆ ಎಂದು ಅಳೆಯಲು ರತ್ನಪರೀಕ್ಷಕರು ಬಳಸುವ ವಕ್ರೀಭವನ ಮಾಪಕದಲ್ಲಿ ನೀಲಕ್ಕೆ 1.762 ಮತ್ತು 1.770ರ ಆಸುಪಾಸಿನ ಎರಡು ಅಂಕಿಗಳು ಬರುತ್ತವೆ. ಬೆನಿಟೋಯೈಟ್‌ಗೆ 1.757 ಮತ್ತು 1.804. ಇದರ ಚಿಕ್ಕ ಅಂಕಿ ನೀಲದ ಅಂಕಿಗೆ ತೀರಾ ಹತ್ತಿರ ಇರುವುದನ್ನು ಗಮನಿಸಿ. ಅವಸರದಲ್ಲಿ ಒಂದೇ ಅಂಕಿ ಬರೆದುಕೊಂಡವರು ಇದನ್ನು ನೀಲವೆಂದೇ ಹೇಳಿಬಿಡಬಹುದು. ತೂಕದಲ್ಲೂ ವ್ಯತ್ಯಾಸವಿದೆ: ನೀಲ ನೀರಿಗಿಂತ ನಾಲ್ಕು ಪಟ್ಟು ಸಾಂದ್ರ, ಬೆನಿಟೋಯೈಟ್ ಸುಮಾರು 3.65 ಪಟ್ಟು. ಇದರೊಂದಿಗೆ ಅತಿನೇರಳೆ ದೀಪದ ಪರೀಕ್ಷೆ ಸೇರಿದರೆ ಅನುಮಾನ ಬಹುಮಟ್ಟಿಗೆ ಪರಿಹಾರವಾಗುತ್ತದೆ. ಆ ದೀಪ ಕಡಿಮೆ ತರಂಗಾಂತರದ್ದೇ ಆಗಿರಬೇಕು. ನೋಟು ಪರೀಕ್ಷಿಸಲು ಅಂಗಡಿಗಳಲ್ಲಿ ಇಟ್ಟುಕೊಳ್ಳುವ ದೀಪ ಹೆಚ್ಚಾಗಿ ಉದ್ದ ತರಂಗಾಂತರದ್ದು, ಅದರಲ್ಲಿ ನೀಲಿ ಬೆನಿಟೋಯೈಟ್ ಬೆಳಗುವುದಿಲ್ಲ. ಕಡಿಮೆ ತರಂಗಾಂತರದ ದೀಪ ಕಣ್ಣಿಗೂ ಚರ್ಮಕ್ಕೂ ಹಾನಿಕರ. ರಕ್ಷಣಾ ಕನ್ನಡಕವಿಲ್ಲದೆ ಬಳಸಬಾರದು.

ದೊಡ್ಡ ಮೊತ್ತ ಕೊಡುವುದಾದರೆ ಇದಾವುದನ್ನೂ ನೆಚ್ಚಿಕೊಳ್ಳದೆ ಮಾನ್ಯತೆ ಪಡೆದ ರತ್ನ ಪ್ರಯೋಗಾಲಯದ ವರದಿ ಕೇಳಿ. ವರದಿಯಲ್ಲಿ ಖನಿಜದ ಹೆಸರು ಸ್ಪಷ್ಟವಾಗಿ ಬೆನಿಟೋಯೈಟ್ ಎಂದಿರಬೇಕು, ತೂಕ ಮತ್ತು ಅಳತೆ ಕೈಯಲ್ಲಿರುವ ಕಲ್ಲಿಗೆ ಹೊಂದಬೇಕು, ಸಂಸ್ಕಾರದ ವಿವರ ಇರಬೇಕು. ಆಭರಣ ಮಾಡಿಸುವ ಆಸೆಯಿದ್ದರೆ ಉಂಗುರಕ್ಕಿಂತ ಓಲೆ, ಪದಕ ಕ್ಷೇಮ. ತೊಳೆಯಲು ಉಗುರುಬೆಚ್ಚಗಿನ ಸೋಪಿನ ನೀರು, ಮೆತ್ತನೆಯ ಬ್ರಷ್ ಸಾಕು. ಯಂತ್ರದಲ್ಲಿ ಕಂಪನದಿಂದ ಸ್ವಚ್ಛ ಮಾಡಿಸುವುದು ಬೇಡ.

## ನಮ್ಮ ನೆಲದಲ್ಲಿ ಸಿಗಬಹುದೇ?

ಸರ್ಪೆಂಟಿನೈಟ್ ಶಿಲೆ ನಮ್ಮಲ್ಲೂ ಇದೆ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಪಟ್ಟಿಯಲ್ಲಿ, ಕ್ರೋಮೈಟ್ ಗಣಿಗಳ ಆಸುಪಾಸಿನಲ್ಲಿ ಅದು ಕಾಣುತ್ತದೆ. ಆದರೆ ಇನ್ನೊಂದು ಅಗತ್ಯವಾದ ಬ್ಲೂಶಿಸ್ಟ್ ಇಲ್ಲ. ಕರ್ನಾಟಕದ ಹಳೆಯ ಶಿಲೆಗಳು 250 ಕೋಟಿ ವರ್ಷಗಳಿಗೂ ಹಿಂದಿನವು. ಆಗ ಭೂಮಿಯ ಒಡಲು ಈಗಿಗಿಂತ ಬಿಸಿಯಾಗಿತ್ತು. ಒತ್ತಡ ಹೆಚ್ಚಿದ್ದೂ ಬಿಸಿ ಕಡಿಮೆ ಇರುವ ಸ್ಥಿತಿ ಒದಗುತ್ತಿರಲಿಲ್ಲ. ಭಾರತದಲ್ಲಿ ಬ್ಲೂಶಿಸ್ಟ್ ನೋಡಬೇಕೆಂದರೆ ಲಡಾಖ್‌ನ ಶೆರ್ಗೋಲ್ ಕಡೆಗೆ ಹೋಗಬೇಕು, ಅಲ್ಲಿ ಎರಡು ಭೂಫಲಕಗಳು ಕೂಡಿದ ಹೊಲಿಗೆಯ ಗುರುತಿದೆ. ಆದರೆ ಬ್ಲೂಶಿಸ್ಟ್ ಇದ್ದಲ್ಲೆಲ್ಲ ಬೆನಿಟೋಯೈಟ್ ಇರಬೇಕೆಂದಿಲ್ಲ. ಕ್ಯಾಲಿಫೋರ್ನಿಯಾದಲ್ಲೇ ಆ ಶಿಲೆ ನೂರಾರು ಮೈಲಿ ಹರಡಿದೆ, ಸಾಣೆಗೆ ಒದಗುವ ಹರಳನ್ನು ವ್ಯಾಪಾರದ ಮಟ್ಟದಲ್ಲಿ ಕೊಟ್ಟದ್ದು ಮಾತ್ರ ಒಂದು ಗುಡ್ಡ.

## ಗಣಿ ಈಗ ಹೇಗಿದೆ?

ಕೊನೆಯ ದೊಡ್ಡ ಪ್ರಮಾಣದ ಗಣಿಗಾರಿಕೆ ನಡೆದದ್ದು 2000ದಿಂದ ಕೆಲವು ವರ್ಷ. ಆಗ ಹಳೆಯ ಗಣಿಯ ರಾಶಿಗಳನ್ನೂ ಸುತ್ತಲಿನ ಸಡಿಲ ಮಣ್ಣನ್ನೂ ಯಂತ್ರಗಳಿಂದ ಜರಡಿ ಹಿಡಿದರು. ಆ ದಶಕದ ನಡುವಿನಲ್ಲಿ ಅದು ನಿಂತಿತು. ಈಗ ಮಾರುಕಟ್ಟೆಯಲ್ಲಿ ಓಡಾಡುವ ಕಲ್ಲುಗಳಲ್ಲಿ ಬಹುಪಾಲು ಹಿಂದೆ ತೆಗೆದವೇ, ಒಬ್ಬ ಸಂಗ್ರಹಕಾರರಿಂದ ಇನ್ನೊಬ್ಬರಿಗೆ ಕೈ ಬದಲಾಯಿಸುತ್ತಿರುವವು. ಪ್ರತಿವರ್ಷ ಚಳಿಗಾಲದಲ್ಲಿ ಅರಿಜೋನಾದ ಟೂಸಾನ್ ನಗರದಲ್ಲಿ ನಡೆಯುವ ರತ್ನ ಮೇಳಗಳಲ್ಲಿ ಇವು ಕಾಣಸಿಗುತ್ತವೆ.

ಗಣಿ ಖಾಸಗಿ ಸ್ವತ್ತು, ಮನಬಂದಂತೆ ಹೋಗಿ ಅಗೆಯುವಂತಿಲ್ಲ. ಮೊದಲೇ ಕಾಯ್ದಿರಿಸಿ ಶುಲ್ಕ ತೆತ್ತವರಿಗೆ ಗಣಿಯ ಮಣ್ಣನ್ನು ಜರಡಿ ಹಿಡಿಯಲು ಮಾಲೀಕರು ಅವಕಾಶ ಕೊಡುತ್ತಾ ಬಂದಿದ್ದಾರೆ. ಹೊರಡುವ ಮುನ್ನ ಸದ್ಯದ ನಿಯಮ ವಿಚಾರಿಸಿಕೊಳ್ಳಬೇಕು. ಸುತ್ತಲಿನ ಸರ್ಕಾರಿ ಜಮೀನಿನ ವಿಷಯ ಬೇರೆ. ಅಲ್ಲಿನ ಸರ್ಪೆಂಟಿನೈಟ್‌ನಲ್ಲಿ ಕಲ್ನಾರು ತುಂಬಿದೆ. ಅದರ ನಾರುಗಳು ಧೂಳಿನೊಂದಿಗೆ ಶ್ವಾಸಕೋಶ ಸೇರಿದರೆ ದಶಕಗಳ ನಂತರವೂ ಕ್ಯಾನ್ಸರ್‌ಗೆ ಕಾರಣವಾಗಬಲ್ಲವು. ಬೈಕ್ ಓಡಿಸುವವರಿಗೆ ಅಚ್ಚುಮೆಚ್ಚಾಗಿದ್ದ ಕ್ಲಿಯರ್ ಕ್ರೀಕ್ ಪ್ರದೇಶವನ್ನು ಅಮೆರಿಕದ ಸರ್ಕಾರ 2008ರಲ್ಲಿ ಇದೇ ಕಾರಣಕ್ಕೆ ಮುಚ್ಚಿತು. ಆಮೇಲೆ ಕಟ್ಟುನಿಟ್ಟಿನ ನಿರ್ಬಂಧಗಳೊಂದಿಗೆ ಮಾತ್ರ ಪ್ರವೇಶಕ್ಕೆ ಅವಕಾಶ ಕಲ್ಪಿಸಲಾಯಿತು. ಆ ಕಡೆ ಹೋದವರು ಮಣ್ಣನ್ನು ಒದ್ದೆ ಮಾಡಿಯೇ ಕೆದಕಬೇಕು, ಮಣ್ಣು ಹಿಡಿದ ಬಟ್ಟೆ, ಬೂಟುಗಳನ್ನು ಕೊಡವದೆ ಚೀಲದಲ್ಲಿ ಕಟ್ಟಿ ತರಬೇಕು. ಅದೃಷ್ಟವಿದ್ದು ನ್ಯಾಟ್ರೋಲೈಟ್ ಹೊದ್ದ ಗಟ್ಟಿ ಸಿಕ್ಕರೆ ಅದನ್ನು ಬಿಡಿಸುವ ಆಮ್ಲದ ಕೆಲಸವನ್ನು ಮನೆಯ ಅಡುಗೆಕೋಣೆಯಲ್ಲಿ ಮಾಡದೆ, ಅನುಭವವಿರುವವರ ಕೈಗೆ ಕೊಡಬೇಕು.